ಪ್ರಿನ್ಸಿಪಾಲರ ಪ್ರಶಾಂತ ಸಂಜೆಗಳು

ಪ್ರಿನ್ಸಿಪಾಲರು ಬಸ್ಸಿನಿಂದ ಇಳಿಯುವ ಮೊದಲು ಅವರ ಕುರ್ಚಿ ಇಳಿಯಿತು. ಮಡಿಸಿಡುವಂಥ ಕ್ಯಾನ್ವಾಸ್ ಕುರ್ಚಿ. ಅದರ ಹಿಂದೆ ಅವರ ದಿಂಬು, ಅವರ ನೀರಿನ ಫಿಲ್ಟರು, ಪುಸ್ತಕದ ಚೀಲ, ಆಮೇಲೆ ಅವರು. ಎಲ್ಲ ಇಳಿದ ಮೇಲೆ ಎರಡೂ ಕೈಯಲ್ಲಿ ಒಂದೊಂದು ಸೂಟ್‌ಕೇಸ್ ಹಿಡಿದುಕೊಂಡು ಅವರ ಹೆಂಡತಿ.

ಕರೆದೊಯ್ಯಲು ಬಂದಿದ್ದವನು ಅವರ ತಮ್ಮ, ಡೇರಿಯ ಹಾಲಿನ ವ್ಯಾನ್ ಓಡಿಸುವವನು. ಅಣ್ಣ ಬರುತ್ತಾನೆಂದು ಬೆಳಿಗ್ಗೆ ಬೇಗ ಎದ್ದು ವ್ಯಾನಿಗೆ ಸೋಪು ಹಾಕಿ ಉಜ್ಜಿದ್ದ.

"ಏನೋ ಇದು, ಹಾಲಿನ ವಾಸನೆ," ಎಂದರು ಪ್ರಿನ್ಸಿಪಾಲರು, ಮುಂದಿನ ಸೀಟಿನಲ್ಲಿ ಕರವಸ್ತ್ರ ಹಾಸಿ ಕೂರುತ್ತ.

"ತೊಳ್ದಿದೀನಿ ಅಣ್ಣ."

"ಹಾಗಾದ್ರೆ ತೊಳೆದ ಹಾಲಿನ ವಾಸನೆ."

ಡ್ರೈವರ್ ನಕ್ಕ. ಅಣ್ಣ ಹೇಳಿದ್ದಕ್ಕೆಲ್ಲ ನಗುವುದು ಅವನಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಅತ್ತಿಗೆ ಹಿಂದುಗಡೆ ಖಾಲಿ ಕ್ಯಾನುಗಳ ನಡುವೆ ಕೂತು, ಕುರ್ಚಿ ಬೀಳದ ಹಾಗೆ ಎದೆಗವಚಿಕೊಂಡಳು.

ಮನೆ ಊರ ಕೊನೆಯಲ್ಲಿ, ಹೊಲಗಳ ಕಡೆ ಮುಖ ಮಾಡಿತ್ತು. ಮುಂದೊಂದು ಜಗಲಿ. ಜಗಲಿಗೆ ಅಂಟಿಕೊಂಡ ಕೋಣೆಯಲ್ಲಿ ಡ್ರೈವರನ ಹೆಂಡತಿಯ ಹೊಲಿಗೆ ಯಂತ್ರ. ಊರಿನವರಿಗೆ ಅವಳು ಟೈಲರಮ್ಮ. ಬೇಸಿಗೆಯೆಂದರೆ ಎಲ್ಲರಿಗೂ ರಜೆ, ಅವಳಿಗೆ ಸುಗ್ಗಿ. ಶಾಲೆ ತೆರೆಯುವಷ್ಟರಲ್ಲಿ ಸುತ್ತಲಿನ ಮಕ್ಕಳ ಯೂನಿಫಾರಂ ಹೊಲಿದು ಕೊಡಬೇಕು. ಬೆಳಿಗ್ಗೆಯೆಲ್ಲ ಅಡುಗೆ, ನೀರು, ಬಟ್ಟೆ. ಮಧ್ಯಾಹ್ನ ಆ ಕೋಣೆ ತಗಡಿನ ಸೂರಿನಡಿ ಕಾದ ಬಾಣಲೆ. ಕೆಲಸ ಸಾಗುವುದೇನಿದ್ದರೂ ಬಿಸಿಲಿಳಿದ ಮೇಲೆ.

ಪ್ರಿನ್ಸಿಪಾಲರಿಗೆ ಬೇಕಾಗಿದ್ದೂ ಆ ಹೊತ್ತೇ.

"ವರ್ಷವೆಲ್ಲ ಗಲಾಟೆ ಕೇಳಿ ಕೇಳಿ ತಲೆ ಕೆಟ್ಟಿದೆ," ಎಂದು ಅವರು ಮೊದಲ ದಿನವೇ ಜಗಲಿಯಲ್ಲಿ ಕುರ್ಚಿ ಬಿಚ್ಚಿಸಿಕೊಂಡು ಸಾರಿದರು. "ನನಗಿಲ್ಲಿ ಇನ್ನೇನೂ ಬೇಡ. ಊಟ ಏನು ಹಾಕಿದ್ರೂ ಸರಿ. ಸಂಜೆ ಮಾತ್ರ ಸದ್ದಿರಬಾರದು. ಅಷ್ಟೇ."

ಆ 'ಅಷ್ಟೇ' ಎಷ್ಟು ದೊಡ್ಡದು ಎಂಬುದು ವಾರ ಕಳೆಯುವಷ್ಟರಲ್ಲಿ ತಿಳಿಯಿತು. ಊಟದಲ್ಲಿ ಬೆಳ್ಳುಳ್ಳಿ ಇರಬಾರದು, ಖಾರ ಇರಬಾರದು. ಬೇಳೆ ಹೊಟ್ಟೆಗೆ ಭಾರ, ಬದನೆಕಾಯಿ ತಿಂದರೆ ಮೈ ನವೆ. ಇದೊಂದನ್ನೂ ಅವರು ಬಾಯಿಬಿಟ್ಟು ಹೇಳಿದವರಲ್ಲ. ಅದಕ್ಕೆ ಹೆಂಡತಿ ಇದ್ದಳು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಪಾತ್ರೆಯೊಳಗೆ ಇಣುಕಿ, "ಅದು ಅವರಿಗೆ ಆಗಲ್ಲಮ್ಮ," ಎನ್ನುತ್ತಿದ್ದಳು. ಟೈಲರಮ್ಮ ಅದನ್ನು ಬದಿಗಿಟ್ಟು ಇನ್ನೊಂದು ಒಲೆಗೆ ಏರಿಸುತ್ತಿದ್ದಳು.

ಅಜ್ಜಿಯ ಸಂಭ್ರಮ ಹೇಳತೀರದು. ದೊಡ್ಡ ಮಗ ಬಂದಾಗಿನಿಂದ ಅವಳಿಗೆ ಮೊಣಕಾಲು ನೋವೂ ಇರಲಿಲ್ಲ. ಬಿಸಿಲಿಳಿಯುತ್ತಲೇ ಕೋಲು ಹಿಡಿದು ಗೇಟಿನ ಬಳಿ ಕಾವಲು ನಿಲ್ಲುವಳು. ಬೀದಿಯಲ್ಲಿ ಚೆಂಡಾಡುವ ಮಕ್ಕಳನ್ನು ಅಟ್ಟುವಳು, ಎದುರು ಮನೆಯವರ ರೇಡಿಯೊ ನಿಲ್ಲಿಸುವಳು, ಸೈಕಲ್ಲಿನ ಬೆಲ್ ಬಾರಿಸಿದವನನ್ನು ತಡೆದು ಬುದ್ಧಿ ಹೇಳುವಳು. ಆಮೇಲೆ ಸೊಸೆಯ ಕೋಣೆಗೆ ತಲೆ ಹಾಕಿ, "ಸಾಕು ನಿಲ್ಸೇ ಅದನ್ನ. ನನ್ನ ಮಗ ಬಂದ್ರೆ ಅಲ್ಲಿ ಕಾಲೇಜಿಗೆ ಕಾಲೇಜೇ ಎದ್ದು ನಿಲ್ಲುತ್ತೆ. ನೀನು ಎರಡು ಗಳಿಗೆ ಕಾಲು ನಿಲ್ಸಿದ್ರೆ ಗಂಟೇನು ಹೋಗುತ್ತೆ?" ಎನ್ನುವಳು.

ಹೀಗೆ ಊರನ್ನೇ ಅದುಮಿ ಹಿಡಿದು ಒದಗಿಸಿದ ನಿಶ್ಶಬ್ದದಲ್ಲಿ ಪ್ರಿನ್ಸಿಪಾಲರು ಕುರ್ಚಿಯ ಮೇಲೆ ಕಾಲು ಚಾಚಿ, ತೆರೆದ ಪುಸ್ತಕವನ್ನು ಹೊಟ್ಟೆಯ ಮೇಲೆ ಬೋರಲು ಹಾಕಿ ಹೊಲಗಳನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಬೇಸರವಾಗಿ ಪಟ್ಟಣದ ಗೆಳೆಯರಿಗೆ ಫೋನ್ ಹಚ್ಚುತ್ತಿದ್ದರು.

"ಹಲೋ! ಕೇಳಿಸ್ತಿದೆಯೇನ್ರೀ? ಹಲೋ! ಊರಲ್ಲಿದೀನಿ ಊರಲ್ಲಿ! ಏನು ಪ್ರಶಾಂತ ಅಂತೀರಿ! ಒಂದು ಎಲೆ ಅಲ್ಲಾಡಿದ್ರೂ ಕೇಳಿಸುತ್ತೆ!"

ಎದುರು ಮನೆಯ ಕರು ಬೆದರಿ ಹಗ್ಗ ಜಗ್ಗುತ್ತಿತ್ತು.

"ಅಮ್ಮಾ," ಎಂದು ಒಳಗೆ ಟೈಲರಮ್ಮನ ಮಗಳು ಪಿಸುಗುಟ್ಟಿದಳು, "ಪ್ರಶಾಂತ ಅನ್ನೋದನ್ನ ದೊಡ್ಡಪ್ಪ ಎಷ್ಟು ಜೋರಾಗಿ ಕೂಗ್ತಾರೆ ನೋಡು."

"ಬಾಯ್ಮುಚ್ಚು. ನಿನ್ನ ಸೀಟು ಅವರ ಕೈಲಿದೆ."

ಮಾತು ಕಲಿತಾಗಿನಿಂದ ಬಾಯಿ ಮುಚ್ಚದ ಈ ಹುಡುಗಿಗೆ ಮನೆಯಲ್ಲಿ ಗಿಣಿ ಎಂದೇ ಹೆಸರು. ಪಿಯುಸಿ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದಳು. ಹೋದ ಬೇಸಿಗೆಯಲ್ಲಿ ದೊಡ್ಡಪ್ಪ ಇದೇ ಜಗಲಿಯ ಮೇಲೆ ಅವಳ ತಲೆ ನೇವರಿಸಿ, "ಪಿಯುಸಿ ಮುಗಿಸು, ನಮ್ಮ ಕಾಲೇಜಿಗೇ ಬಾ. ನಮ್ಮನೇಲೇ ಇದ್ಕೊಂಡು ಓದುವೆಯಂತೆ," ಎಂದಿದ್ದರು. ಆ ಮಾತೊಂದನ್ನು ನೆಚ್ಚಿಕೊಂಡು ಈ ಮನೆ ವರ್ಷ ನೂಕಿತ್ತು. ಬೆಳ್ಳುಳ್ಳಿ ಇಲ್ಲದ ಸಾರನ್ನು ಈಗ ಎಲ್ಲರೂ ಉಣ್ಣುತ್ತಿದ್ದುದೂ ಅದಕ್ಕಾಗಿಯೇ.

ಎರಡನೇ ವಾರದಲ್ಲಿ ಹುಂಜದ ಸರದಿ ಬಂತು. ಹೊತ್ತುಗೊತ್ತಿಲ್ಲದೆ ಕೂಗುವ ಹುಂಜ. ಒಂದು ಸಂಜೆ ಜಗಲಿಯ ಕಂಬದ ಬುಡದಲ್ಲೇ ನಿಂತು ಕೂಗಿತು. ಪ್ರಿನ್ಸಿಪಾಲರು ಕಣ್ಣು ಮುಚ್ಚಿ, ಹಣೆಯ ಮೇಲೆ ಎರಡು ಬೆರಳಿಟ್ಟುಕೊಂಡರು. ಅದು ಸಾಕಾಯಿತು. ಮರುದಿನ ಅಜ್ಜಿ ಹುಂಜವನ್ನು ಸಾರು ಮಾಡಿಸಿದಳು.

"ಊರ ಕೋಳಿ ರುಚಿಯೇ ಬೇರೆ," ಎಂದರು ಪ್ರಿನ್ಸಿಪಾಲರು ಮೂಳೆ ಚೀಪುತ್ತ. "ಪಟ್ಟಣದಲ್ಲಿ ಇಂಥದ್ದು ಎಲ್ಲಿ ಸಿಗಬೇಕು. ನಾಳೆನೂ ಮಾಡ್ಬಹುದಲ್ಲ."

"ಒಂದೇ ಇದ್ದಿದ್ದು ದೊಡ್ಡಪ್ಪ," ಎಂದಳು ಗಿಣಿ. "ನಾಳೆ ಬೇಕಂದ್ರೆ ಮೊಟ್ಟೆ ಇಡೋವನ್ನೇ ಕೊಯ್ಬೇಕು."

ಅಜ್ಜಿ ಅವಳ ತೊಡೆ ಚಿವುಟಿದಳು.

ಹುಂಜದ ನಂತರ ಯಂತ್ರ. ಹಿತ್ತಲಲ್ಲಿ ಸೌದೆ ಒಟ್ಟುವ ಕೊಟ್ಟಿಗೆಯಿತ್ತು. ಅಲ್ಲಿಟ್ಟುಕೊಂಡರೆ ಅಣ್ಣನಿಗೂ ಕೇಳಿಸುವುದಿಲ್ಲ, ಕೆಲಸವೂ ನಿಲ್ಲುವುದಿಲ್ಲ ಎಂದು ಡ್ರೈವರನೇ ಉಪಾಯ ಹೇಳಿದ. ತಾನೇ ಹೊತ್ತು ಸಾಗಿಸಿದ. ಅಲ್ಲಿ ಇದ್ದದ್ದು ಮಂಕು ಬಲ್ಬು. ಸೌದೆಯೊಳಗಿಂದ ಇರುವೆಗಳು ಬಂದು ಬಟ್ಟೆಯ ಮಡಿಕೆ ಸೇರುತ್ತಿದ್ದವು. ನೀಲಿ ದಾರ ಯಾವುದು, ಕಪ್ಪು ಯಾವುದು ಎಂದು ತಿಳಿಯಲು ಟೈಲರಮ್ಮ ಮತ್ತೆ ಮತ್ತೆ ಬಾಗಿಲಿಗೆ ಬರಬೇಕಿತ್ತು.

ಹಿರಿಸೊಸೆ ಕೆಲವೊಮ್ಮೆ ಅಲ್ಲಿಗೆ ಬಂದು, ಕೇಳದೆಯೇ ಸೂಜಿ ತೆಗೆದುಕೊಂಡು ಗುಂಡಿ ಹಾಕಲು ಕೂರುತ್ತಿದ್ದಳು. ಹೊಲಿಗೆ ಅಚ್ಚುಕಟ್ಟು. ಮಾತು ಮಾತ್ರ ಇಲ್ಲ. ಜಗಲಿಯ ಕಡೆಯಿಂದ ಕೆಮ್ಮು ಕೇಳಿಸಿದರೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ಹೋಗುವಳು. ಹಣ್ಣಿನ ಸಿಪ್ಪೆ ಸುಲಿದು, ಬೀಜ ತೆಗೆದು, ಹೋಳು ಮಾಡಿ ಅವರ ಕೈಗಿಟ್ಟು ಬಂದು ಮತ್ತೆ ಸೂಜಿ ಹಿಡಿಯುವಳು.

"ಅಕ್ಕ, ನಿಮಗೆ ಬೇಜಾರಾಗಲ್ವಾ?" ಎಂದು ಟೈಲರಮ್ಮ ಒಮ್ಮೆ ಕೇಳಿಯೇ ಬಿಟ್ಟಳು.

"ಯಾವುದಕ್ಕೆ?"

"ಇಷ್ಟು ದೊಡ್ಡವರಿಗೆ ಹಣ್ಣು ಸುಲಿದು ಕೊಡೋದಕ್ಕೆ."

"ಸಿಪ್ಪೆ ಅವರಿಗೆ ಆಗಲ್ಲ."

ಅವಳು ಅತ್ತ ಹೋದ ಮೇಲೆ ಟೈಲರಮ್ಮ ಮಗಳೊಂದಿಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ನೆರಳಾದ್ರೂ ಕತ್ತಲಾದ್ಮೇಲೆ ಬಿಟ್ಟು ಹೋಗುತ್ತೆ ಕಣೇ. ಇವರು ಆಗಲೂ ಬಿಡಲ್ಲ. ನೀನು ಓದೋದು ಯಾಕೆ ಗೊತ್ತಾ? ಇಂಥವಳಾಗಬಾರದು ಅಂತ."

ಅದೇ ವಾರದ ಕೊನೆಗೆ ಬೇಕರಿಯವನ ಹೆಂಡತಿ ಮಗನ ಅಂಗಿ ಹಿಡಿದು ಬಂದಳು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅದನ್ನು ಬಾವುಟದ ಹಾಗೆ ಎತ್ತಿ ತೋರಿಸಿದಳು.

"ಟೈಲರಮ್ಮ, ನನ್ನ ಮಗನಿಗೆ ಎರಡೂ ಬಲಗೈ ಅಂದ್ಕೊಂಡ್ರಾ?"

ಎಡಗಡೆಗೂ ಬಲತೋಳನ್ನೇ ಕೂಡಿಸಿದ್ದಳು. ಇಷ್ಟು ವರ್ಷಗಳಲ್ಲಿ ಅವಳ ಕೈಯಿಂದ ಇಂಥದ್ದು ನಡೆದಿರಲಿಲ್ಲ.

"ಬಿಚ್ಚಿ ಸರಿ ಮಾಡ್ಕೊಡ್ತೀನಿ, ನಾಳೆ ಬನ್ನಿ."

"ಬೇಡಿ ಬಿಡಿ. ಉಳಿದ ಬಟ್ಟೆ ಕೊಡಿ. ಬಸ್ ಸ್ಟ್ಯಾಂಡ್ ಹತ್ರ ಹೊಸ ಟೈಲರ್ ಬಂದಿದಾನೆ. ಅವನ ಅಂಗಡೀಲಿ ಟ್ಯೂಬ್‌ಲೈಟಿದೆ."

ಆಮೇಲೆ ಇನ್ನೂ ಇಬ್ಬರು ಬಂದು, ಏನೇನೋ ನೆಪ ಹೇಳಿ, ಹೊಲಿಯದ ಬಟ್ಟೆ ವಾಪಸು ಒಯ್ದರು.

ಅಂದು ಡ್ರೈವರ್ ಡ್ಯೂಟಿ ಮುಗಿಸಿ ಬಂದಾಗ ಟೈಲರಮ್ಮ ದೀಪ ಆರಿಸಿ ಕೊಟ್ಟಿಗೆಯಲ್ಲೇ ಕೂತಿದ್ದಳು.

"ಇನ್ನು ಸ್ವಲ್ಪ ದಿನ ತಾನೇ," ಎಂದ ಅವನು. "ಸಹಿಸ್ಕೊ."

"ಸಹಿಸ್ಕೊಳ್ಳೋದು ಅಂದ್ರೆ ಏನು ಗೊತ್ತಾ ನಿಮಗೆ? ಅಣ್ಣನಿಗೆ ಕೇಳಿಸುತ್ತೆ ಅಂತ ವ್ಯಾನನ್ನ ರಸ್ತೇಲೇ ನಿಲ್ಸಿ, ಚಪ್ಪಲಿ ಕೈಲಿ ಹಿಡ್ಕೊಂಡು, ಸ್ವಂತ ಮನೆಗೆ ಕಳ್ಳನ ಥರ ಹಿತ್ತಲಿಂದ ಬರ್ತೀರಲ್ಲ. ನಿಮ್ಮನ್ನ ನೋಡಿದ್ರೆ ನನಗೆ ನಾಚಿಕೆ ಆಗುತ್ತೆ."

"ಗಿಣಿ ವಿಷಯ ಇದೆಯಲ್ಲೇ."

"ಹಾಗಾದ್ರೆ ಕೇಳಿ. ಬಾಯ್ಬಿಟ್ಟು ಕೇಳಿ."

"ಸಮಯ ನೋಡಿ ಕೇಳ್ತೀನಿ."

ಅವನು ಸಮಯ ನೋಡುತ್ತಿರುವಾಗಲೇ ಫಲಿತಾಂಶ ಬಂತು. ಗಿಣಿ ಡಿಸ್ಟಿಂಕ್ಷನ್‌ನಲ್ಲಿ ಪಾಸಾಗಿದ್ದಳು. ಮನೆಯಲ್ಲಿ ಯಾರೂ ಆ ದರ್ಜೆಯಲ್ಲಿ ಪಾಸಾದವರಿಲ್ಲ. ಪ್ರಿನ್ಸಿಪಾಲರೂ ಇಲ್ಲ ಎಂಬುದು ಅಜ್ಜಿಯ ಬಾಯಿಂದ ತಪ್ಪಿ ಹೊರಬಿತ್ತು. ಟೈಲರಮ್ಮ ಅಂದು ಪಾಯಸ ಮಾಡಿದಳು. ಎಲ್ಲರೂ ಊಟಕ್ಕೆ ಕೂತಾಗ ಡ್ರೈವರ್ ಗಂಟಲು ಸರಿ ಮಾಡಿಕೊಂಡ, ನೀರು ಕುಡಿದ, ಮತ್ತೆ ಗಂಟಲು ಸರಿ ಮಾಡಿಕೊಂಡ. ಅಪ್ಪನ ಪಾಡು ನೋಡಲಾರದೆ ಗಿಣಿಯೇ ಕೇಳಿದಳು.

"ದೊಡ್ಡಪ್ಪ, ನಿಮ್ಮ ಕಾಲೇಜಿಗೆ ಯಾವಾಗ ಬರಲಿ?"

"ಯಾಕೆ?"

"ಸೇರೋದಕ್ಕೆ. ಹೋದ ವರ್ಷ ಹೇಳಿದ್ರಲ್ಲ."

"ನಾನಾ?" ಪ್ರಿನ್ಸಿಪಾಲರು ಹೆಂಡತಿಯ ಮುಖ ನೋಡಿದರು. ಅವಳು ತಲೆ ಎತ್ತಲಿಲ್ಲ. "ಮಾತಿಗೆ ಹೇಳಿರ್ತೀನಮ್ಮ. ಎಲ್ರಿಗೂ ಹೇಳ್ತೀನಿ. ಮಕ್ಕಳಿಗೆ ಉತ್ತೇಜನ ಕೊಡಬೇಕಲ್ಲ."

"ಮನೇಲೇ ಇರಬಹುದು ಅಂತಾನೂ ಹೇಳಿದ್ರಿ."

"ನೋಡು, ನಮ್ಮದು ಒಂದು ಮಟ್ಟ ಇಟ್ಕೊಂಡಿರೋ ಸಂಸ್ಥೆ. ಮನೆಗೆ ದೊಡ್ಡ ದೊಡ್ಡವರು ಬರ್ತಾರೆ, ಹೋಗ್ತಾರೆ. ಇವಳು ಯಾರು ಅಂದ್ರೆ ತಮ್ಮನ ಮಗಳು ಅನ್ನಬೇಕು. ತಮ್ಮ ಏನು ಮಾಡ್ತಾನೆ ಅಂದ್ರೆ ಹಾಲಿನ ವ್ಯಾನ್ ಓಡಿಸ್ತಾನೆ ಅನ್ನಲಾ? ನಿನಗೂ ಕಷ್ಟ, ನಮಗೂ ಮುಜುಗರ. ಹೊಲಿಗೆ ಕಲಿ. ಮನೇಲೇ ಕಸುಬಿದೆ, ಕಲಿಸೋರಿದಾರೆ. ಅದೇನು ಕೆಟ್ಟದ್ದಲ್ಲ."

ಹೇಳಿ ಮುಗಿಸಿ, "ಸ್ವಲ್ಪ ಹಾಲು ಹಾಕಮ್ಮ," ಎಂದು ಟೈಲರಮ್ಮನ ಮುಂದೆ ಲೋಟ ಚಾಚಿದರು.

ಅವಳು ಹಾಲು ಹಾಕಲಿಲ್ಲ. ಪಾತ್ರೆ ಕೈಯಲ್ಲಿ ಹಿಡಿದು ನಿಂತೇ ಇದ್ದಳು.

ಡ್ರೈವರ್ ಅನ್ನದಲ್ಲಿ ಕೈಯಿಟ್ಟುಕೊಂಡು ಮೆಲ್ಲಗೆ ಹೇಳಿದ: "ಹಾಲಿನ ವ್ಯಾನ್ ಅಂತಾನೇ ಹೇಳಬಹುದು ಅಣ್ಣ. ಅದರಲ್ಲಿ ಸುಳ್ಳೇನಿಲ್ಲ." ಕೈ ತೊಳೆದು ಹೊರಗೆ ಹೋದ. ಅಣ್ಣನ ಮಾತಿಗೆ ಅವನು ನಗದೇ ಇದ್ದದ್ದು ಅದೇ ಮೊದಲು.

"ಈಗ ನಾನೇನು ಅಂದೆ?" ಎಂದರು ಪ್ರಿನ್ಸಿಪಾಲರು. ಲೋಟ ಇನ್ನೂ ಚಾಚಿಯೇ ಇತ್ತು. ಕೊನೆಗೆ ಅಜ್ಜಿ ಸೊಸೆಯ ಕೈಯಿಂದ ಪಾತ್ರೆ ಕಿತ್ತುಕೊಂಡು ತುಂಬಿಸಿದಳು.

ಮರುದಿನ ಡ್ರೈವರ್ ಕೆಲಸಕ್ಕೆ ಹೋಗುವ ಮುನ್ನ, ಯಾರೂ ಹೇಳದೆ, ಯಂತ್ರವನ್ನು ಕೊಟ್ಟಿಗೆಯಿಂದ ಹೊತ್ತು ತಂದು ಮುಂದಿನ ಕೋಣೆಯಲ್ಲಿಟ್ಟ. ಬಿಸಿಲಿಳಿಯಿತು. ಪ್ರಿನ್ಸಿಪಾಲರು ಜಗಲಿಯಲ್ಲಿ ಕಾಲು ಚಾಚಿದರು. ಟೈಲರಮ್ಮ ಪೆಡಲ್ ಮೇಲೆ ಕಾಲಿಟ್ಟಳು.

ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಹಣೆಯ ಮೇಲೆ ಬೆರಳು ಬಂದವು. ಯಂತ್ರ ನಿಲ್ಲದಾಗ ಅವರೇ ಎದ್ದು ಬಂದು ಕಿಟಕಿಯಲ್ಲಿ ನಿಂತರು.

"ಏನಿದು?"

"ಯೂನಿಫಾರಂ."

"ಈ ಹೊತ್ತಲ್ಲಿ?"

"ಶಾಲೆ ನಿಮ್ಮನ್ನ ಕೇಳ್ಕೊಂಡು ತೆಗೆಯಲ್ಲ ಭಾವ."

"ನೋಡಮ್ಮ, ಇದು ನಾನು ಹುಟ್ಟಿದ ಮನೆ."

"ಹೌದಲ್ಲ. ಹುಟ್ಟಿದಾಗ ಅತ್ತಿರ್ತೀರಿ. ಆಗ ಯಾರೂ ಸದ್ದು ಮಾಡಬೇಡ ಅಂದಿರಲಿಕ್ಕಿಲ್ಲ."

ಗಿಣಿ ಕಿಸಕ್ಕನೆ ನಕ್ಕಳು. ಪ್ರಿನ್ಸಿಪಾಲರ ಮುಖ ಕೆಂಪೇರಿತು.

"ಅಮ್ಮಾ! ಕೇಳಿಸ್ಕೊಂಡ್ಯಾ ನಿನ್ನ ಸೊಸೆ ಮಾತು?"

"ಏಯ್, ಹಿರಿಯರು ಕಿರಿಯರು ಇಲ್ವೇನೇ ನಿನಗೆ?" ಎಂದು ಅಜ್ಜಿ ಗೇಟಿನಿಂದ ಕೋಲೂರಿಕೊಂಡು ಬಂದಳು. "ನನ್ನ ಮಗ ವರ್ಷಕ್ಕೊಂದ್ಸಲ ಬರ್ತಾನೆ—"

"ಬರ್ತಾರೆ ಅತ್ತೆ. ಬಂದವರು ನಿಮ್ಮ ಹತ್ರ ಕೂತು ಮಾತಾಡಿದ್ದು ಯಾವಾಗ, ಹೇಳಿ. ಹೊಲ ನೋಡ್ತಾರೆ, ಫೋನ್ ನೋಡ್ತಾರೆ. ನೀವು ಗೇಟಲ್ಲಿ ನಾಯಿ ಕಾಯೋ ಹಾಗೆ ಕಾಯ್ತೀರಿ."

"ಸಾಕು!" ಎಂದು ಪ್ರಿನ್ಸಿಪಾಲರು ಕೂಗಿದರು. ಎದುರು ಮನೆಯವರು ಬಾಗಿಲಿಗೆ ಬಂದರು. "ಇದು ಮನೆಯಲ್ಲ, ಸಂತೆ! ನನ್ನದೇ ತಪ್ಪು, ಇಂಥವರ ನಡುವೆ ನೆಮ್ಮದಿ ಹುಡುಕ್ಕೊಂಡು ಬಂದೆನಲ್ಲ. ಅಮ್ಮ, ನೀನೂ ಇದೇ ಸಂತೇಲಿ ಬಿದ್ದಿರು. ನಾಳೆ ಬೆಳಿಗ್ಗೆ ನಾವು ಹೊರಟ್ವಿ."

ಅಜ್ಜಿ ಗೇಟಿಗೆ ಮರಳದೆ ಕೋಲೂರಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಜಗಲಿಯ ಮೇಲೆ ಕುರ್ಚಿ, ದಿಂಬು, ಫಿಲ್ಟರು, ಪುಸ್ತಕದ ಚೀಲ ಸಾಲಾಗಿ ಬಂದು ನಿಂತವು. ಸೂಟ್‌ಕೇಸ್ ಒಂದೇ ಇತ್ತು.

"ಇನ್ನೊಂದೆಲ್ಲಿ?" ಎಂದರು ಪ್ರಿನ್ಸಿಪಾಲರು.

"ಅದು ನನ್ನದು," ಎಂದಳು ಹೆಂಡತಿ.

"ಅದಕ್ಕೇ ಕೇಳಿದ್ದು. ಬೇಗ ತಾ, ಬಸ್ಸಿಗೆ ಹೊತ್ತಾಯ್ತು."

"ಅದು ಇಲ್ಲೇ ಇರುತ್ತೆ. ನಾನೂ ಇರ್ತೀನಿ."

"ಏನು ತಮಾಷೆನಾ?"

"ಇಲ್ಲ. ನಿಮ್ಮ ರಜೆ ಮುಗೀತು. ನನ್ನದು ಇನ್ನೂ ಶುರುವಾಗಿಲ್ಲ."

ಅವಳ ದನಿ ಏರಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವಂತೆ ಹೇಳಿದಳು. ಪ್ರಿನ್ಸಿಪಾಲರು ಸುತ್ತ ನೋಡಿದರು. ಎಲ್ಲರೂ ಅಲ್ಲೇ ಇದ್ದರು. ಯಾರೊಬ್ಬರೂ ಬೇರೆ ಕಡೆ ನೋಡುವ ಸೌಜನ್ಯ ತೋರಿಸಲಿಲ್ಲ.

"ಅಲ್ಲ, ಜನ ಏನಂತಾರೆ?"

"ಹೆಂಡತಿ ಊರಲ್ಲಿದ್ದಾಳೆ ಅಂತಾರೆ."

"ನನ್ನ ಊಟ?"

"ಹೋಟೆಲಿದೆ."

"ಅದು ನನಗೆ ಆಗಲ್ಲ ಅಂತ ನಿನಗೆ ಗೊತ್ತಿದೆ!"

"ಗೊತ್ತಿದೆ," ಎಂದಳು ಅವಳು. ದಿಂಬನ್ನೆತ್ತಿ ಅವರ ತೋಳಿಗೆ ಸಿಕ್ಕಿಸಿ ಒಳಗೆ ಹೋದಳು.

ಟೈಲರಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ತಾನು ಇಷ್ಟು ದಿನ ಮಗಳ ಜೊತೆ ಕೂತು ಆಡಿಕೊಂಡು ನಕ್ಕದ್ದು ಇವಳನ್ನೇನಾ ಎಂದು ನಾಚಿಕೆಯಾಯಿತು. ಇವಳು ಇನ್ನೆಷ್ಟು ದಿನ ಇರುತ್ತಾಳೋ, ಅಕ್ಕಿ ಸಾಲುತ್ತದೋ ಇಲ್ಲವೋ ಎಂದೂ ಅದೇ ಗಳಿಗೆಯಲ್ಲಿ ಅನ್ನಿಸಿತು.

ಡ್ರೈವರ್ ಅಣ್ಣನನ್ನು ಬಸ್ಸಿನ ರಸ್ತೆಗೆ ಬಿಟ್ಟು ಕೆಲಸಕ್ಕೆ ಹೋಗಿ, ರಾತ್ರಿ ಮನೆಗೆ ಬಂದ.

"ಬಸ್ಸು ಬರೋವರೆಗೂ ನಿಂತಿದ್ರಾ?" ಎಂದು ಕೇಳಿದಳು ಟೈಲರಮ್ಮ.

"ಇಲ್ಲ, ಡೇರಿಗೆ ಹೊತ್ತಾಗಿತ್ತು. ಕುರ್ಚಿ ಬಿಚ್ಚಿ ಕೊಟ್ಟೆ. ಲಾರಿಗಳ ಧೂಳಲ್ಲಿ ಕೂತಿದ್ರು."

ಅದೇ ವಾರ ಅವನು ಗಿಣಿಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಡೇರಿ ಇರುವ ಹತ್ತಿರದ ಪಟ್ಟಣಕ್ಕೆ ಹೋಗಿ, ಅಲ್ಲಿನ ಕಾಲೇಜಿಗೆ ಅರ್ಜಿ ಹಾಕಿಸಿದ. ಸೀಟು ಸಿಗುವುದೋ ಇಲ್ಲವೋ ಇನ್ನೂ ಗೊತ್ತಾಗಬೇಕಿತ್ತು. ಬಿಟ್ಟು ಹೋದ ಗಿರಾಕಿಗಳಲ್ಲಿ ಒಬ್ಬಳು ಮರಳಿ ಬಂದಳು; ಬೇಕರಿಯವನ ಹೆಂಡತಿ ಬರಲಿಲ್ಲ. ಹಿರಿಸೊಸೆ ಬೆಳಿಗ್ಗೆ ಬಿಸಿಲು ಮೈಮೇಲೆ ಬರುವವರೆಗೆ ಮಲಗುತ್ತಿದ್ದಳು. ಎದ್ದರೆ ಬಾಳೆಹಣ್ಣನ್ನು ಸುಲಿದು, ಗೇಟಿನಲ್ಲಿ ನಿಂತುಕೊಂಡೇ, ತಾನೇ ತಿನ್ನುತ್ತಿದ್ದಳು. ತನ್ನ ಹಾಸಿಗೆಯನ್ನೂ ಮಡಿಸುತ್ತಿರಲಿಲ್ಲ. ಇದು ಟೈಲರಮ್ಮನಿಗೆ ಆಗಲೇ ಸ್ವಲ್ಪ ಸ್ವಲ್ಪ ಸಿಟ್ಟು ತರಿಸತೊಡಗಿತ್ತು.

ಅಜ್ಜಿ ಕಿರಿಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಗೋಡೆಗೆ, ಬೆಕ್ಕಿಗೆ, ಪಾತ್ರೆಗಳಿಗೆ ಹೇಳಿಕೊಳ್ಳುತ್ತಿದ್ದಳು: "ಓಡಿಸಿಬಿಟ್ರು. ಹೊಟ್ಟೆ ತುಂಬ್ತು ಎಲ್ರಿಗೂ." ಗೇಟಿಗೆ ಮಾತ್ರ ಹೋಗುತ್ತಿರಲಿಲ್ಲ.

ಹೀಗೇ ಒಂದು ಸಂಜೆ. ಬೀದಿಯಲ್ಲಿ ಮಕ್ಕಳು ಚೆಂಡಿಗಾಗಿ ಕಿತ್ತಾಡುತ್ತಿದ್ದರು. ಎದುರು ಮನೆಯಲ್ಲಿ ರೇಡಿಯೊ ಹಾಡುತ್ತಿತ್ತು. ಟೈಲರಮ್ಮ ಹುಡುಗಿಯರ ಯೂನಿಫಾರಂ ಪಿನಾಫೋರಿನ ನೆರಿಗೆ ಹಿಡಿಯುತ್ತಿದ್ದಳು. ಹಿರಿಸೊಸೆ ಯಂತ್ರದ ಪಕ್ಕದ ಚಾಪೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅಜ್ಜಿ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹಿರಿಸೊಸೆಯ ಫೋನ್ ಹೊಡೆದುಕೊಂಡಿತು. ಗಿಣಿ ನೋಡಿ, "ದೊಡ್ಡಪ್ಪ," ಎಂದಳು.

ಅಜ್ಜಿ ಕೈಯನ್ನು ಸೀರೆಗೆ ಒರೆಸಿಕೊಂಡು ಗಡಿಬಿಡಿಯಿಂದ ಫೋನ್ ಇಸಿದುಕೊಂಡಳು. ಬೆಳಗಿದ ಮುಖದಲ್ಲಿ, "ಅಪ್ಪಾ! ಹೇಗಿದೀಯೋ?" ಎಂದಳು.

"ಅಮ್ಮನಾ? ಅವಳೆಲ್ಲಿ?" ಪ್ರಿನ್ಸಿಪಾಲರ ದನಿ ಜಗಲಿಯಲ್ಲಿದ್ದ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿತ್ತು.

"ಮಲಗಿದಾಳೆ."

"ಈಗ? ಎಬ್ಬಿಸು. ಚಹಾಪುಡಿ ಡಬ್ಬಿ ಎಲ್ಲಿಟ್ಟಿದಾಳೆ ಕೇಳು. ಬೆಳಿಗ್ಗೆಯಿಂದ ಹುಡುಕ್ತಿದೀನಿ. ಇಲ್ಲಾಂದ್ರೆ ನಿನಗೆ ಗೊತ್ತಿದ್ರೆ ನೀನೇ ಹೇಳು, ಹೆಂಗಸರು ಎಲ್ಲಿಡ್ತೀರಿ ಅದನ್ನೆಲ್ಲ?"

ಒಳಗೆ ಯಂತ್ರ ನಿಂತಿತ್ತು.

"ನನಗೆ ಹೇಗಪ್ಪಾ ಗೊತ್ತಾಗ್ಬೇಕು?" ಎಂದಳು ಅಜ್ಜಿ. "ನೀನು ಆ ಮನೆ ಕಟ್ಟಿ ಇಷ್ಟು ವರ್ಷವಾಯ್ತು. ನನ್ನನ್ನ ಒಂದು ದಿನವಾದ್ರೂ ಅದರೊಳಗೆ ಕರ್ಕೊಂಡು ಹೋಗಿದೀಯಾ?"

ಆ ಕಡೆಯಿಂದ ಅವರು ಏನೋ ಹೇಳುತ್ತಿದ್ದರು. ಅಜ್ಜಿ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು, ಇನ್ನೊಂದು ಬೆಳ್ಳುಳ್ಳಿ ಗಡ್ಡೆಯನ್ನು ನೆಲಕ್ಕೆ ಕುಟ್ಟಿ ಬಿಡಿಸತೊಡಗಿದಳು.